ಗೋಡೆಯೂ ಪ್ರವಾಹವೂ



ಹಳೆಯ ಕಾರ್ಖಾನೆಗಳ ಪುನರುಪಯೋಗವನ್ನು ಕುರಿತ ಈ ವಿಚಾರಸಂಕಿರಣದಲ್ಲಿ ಆಶಯ ಭಾಷಣದ ಗೌರವವನ್ನು ನನಗಿತ್ತ ಸಂಚಾಲಕರಿಗೆ ಕೃತಜ್ಞನಾಗಿದ್ದೇನೆ. ಇದುವರೆಗಿನ ಗ್ರಂಥರಾಶಿಯನ್ನು ಸಮೀಕ್ಷಿಸುವ ಕೆಲಸಕ್ಕೆ ನಾನು ತೊಡಗುವುದಿಲ್ಲ. ಇಟ್ಟಿಗೆ ಗಾರೆಗಳ ಆಯುಸ್ಸನ್ನು ಅಳೆಯುವುದರಲ್ಲಿ ತಮ್ಮ ಆಯುಸ್ಸನ್ನೇ ಸವೆಸಿದ ಪ್ರಾಧ್ಯಾಪಕರು ಎದುರಿಗೇ ಕುಳಿತಿದ್ದಾರೆ. ಗಿರಣಿಯ ಹೆಂಗಸರ ಬಾಯಿಂದಲೇ ಗಿರಣಿಯ ಚರಿತ್ರೆಯನ್ನು ಬರೆದುಕೊಂಡ ಸೋದರಿ ನಾಳೆ ಮಾತನಾಡಲಿದ್ದಾರೆ. ನನಗಿರುವುದು ಬಹುಕಾಲದಿಂದ ಬೆಳೆದುಬಂದ ಒಂದೇ ನಂಬಿಕೆ: ನದೀತೀರದ ಗಿರಣಿಯನ್ನು ನಾವು ಕಟ್ಟಡವೆಂದು ಎಣಿಸಿದಂದೇ ನಮ್ಮ ಶಾಸ್ತ್ರ ದಾರಿ ತಪ್ಪಿತು.

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಲೊವೆಲ್ ನಗರವನ್ನು ನೋಡೋಣ. ಮೆರಿಮ್ಯಾಕ್ ನದಿ ಪಾಟಕೆಟ್ ಜಲಪಾತದ ಬಳಿ ಸುಮಾರು 32 ಅಡಿ ಇಳಿಯುತ್ತದೆ. ಆ ಇಳಿಜಾರೇ ನಗರದ ಮೂಲಧನ. ಸುಮಾರು ಐದೂವರೆ ಮೈಲಿಗಳ ನಾಲೆಗಳ ಮೂಲಕ ನೀರು ಹತ್ತಿಯ ಗಿರಣಿಗಳ ಅಡಿಯಲ್ಲಿ ಧುಮುಕಿ ಮತ್ತೆ ನದಿಯನ್ನು ಸೇರುತ್ತಿತ್ತು. ಆ ನೀರನ್ನು ಅಳೆದು ಗುತ್ತಿಗೆ ಕೊಡುತ್ತಿದ್ದರು: 30 ಅಡಿಯ ಇಳಿತದಲ್ಲಿ 25 ಕ್ಯೂಸೆಕ್ ನೀರು ಹರಿದರೆ ಅದು ಒಂದು ಗಿರಣಿಬಲ. ನೆಲವನ್ನು ಪಡೆದ ಕಂಪನಿ ಅದರೊಡನೆ ಇಂತಿಷ್ಟು ಗಿರಣಿಬಲವನ್ನೂ ಪಡೆಯುತ್ತಿತ್ತು. ನೀರಿಲ್ಲದ ನೆಲ ಅಲ್ಲಿ ಗಿರಣಿಯೇ ಅಲ್ಲ. 1835ರಲ್ಲಿ ಸ್ಥಾಪನೆಯಾದ ಬೂಟ್ ಗಿರಣಿ ನಾಲೆಗೂ ನದಿಗೂ ನಡುವೆ ನಿಂತಿರುವುದು ಈ ಕಾರಣದಿಂದಲೇ ಹೊರತು ನೋಟದ ಸೊಗಸಿಗಾಗಿ ಅಲ್ಲ.

ಆ ಗಿರಣಿಗಳಲ್ಲಿ ದುಡಿದವರು ಬಹುಮಟ್ಟಿಗೆ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು. ನೂತದ್ದು ದಕ್ಷಿಣ ಸಂಸ್ಥಾನಗಳ ಗುಲಾಮರು ಬಿಡಿಸಿದ ಹತ್ತಿ. ದಿನಕ್ಕೆ ಹನ್ನೆರಡು ಹದಿಮೂರು ಗಂಟೆ ದುಡಿದ ಆ ಹೆಣ್ಣುಮಕ್ಕಳು 1834ರಲ್ಲಿ ಮತ್ತು 1836ರಲ್ಲಿ ಮುಷ್ಕರ ಹೂಡಿದರು. ಒಣಗಾಳಿಗೆ ನೂಲು ಹರಿಯುವುದೆಂದು ಮಗ್ಗದ ಕೋಣೆಗಳ ಕಿಟಕಿಗಳನ್ನು ಬೇಸಗೆಯಲ್ಲಿಯೂ ಮುಚ್ಚಿಡುತ್ತಿದ್ದರು. ಇಂದು ನದಿಯಂಚಿನ ಗಿರಣಿಗಳು ವೈಭವದ ಕಾಂಡೊಮಿನಿಯಂ ಮನೆಗಳಾಗುವಾಗ ಎಲ್ಲಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುವುದು ಅದೇ ಬಗೆಯ ಕಿಟಕಿಗಳ ನೋಟ. ಇದು ನನ್ನನ್ನು ಬಹಳವಾಗಿ ನೋಯಿಸುತ್ತದೆ.

ಇಲ್ಲಿ ಒಂದು ಪ್ರಸಂಗವನ್ನು ಹೇಳದಿರಲಾರೆ. ನಾಲೆಗಳ ಮುಖ್ಯ ಎಂಜಿನಿಯರಾಗಿದ್ದ ಜೇಮ್ಸ್ ಫ್ರಾನ್ಸಿಸ್, ಯಾರ ಹೆಸರಿನ ಟರ್ಬೈನನ್ನು ಜಲವಿದ್ಯುತ್ತಿನ ವಿದ್ಯಾರ್ಥಿಗಳೆಲ್ಲ ಬಲ್ಲರೋ ಆ ಮಹನೀಯ, 1850ರಲ್ಲಿ ನಾಲೆಯ ಬಾಯಿಯ ಮೇಲೆ ಭಾರಿ ಮರದ ಕದವೊಂದನ್ನು ತೂಗುಹಾಕಿಸಿದ. ಎಂದೋ ಬರಬಹುದಾದ ಪ್ರವಾಹಕ್ಕಾಗಿ ಇಷ್ಟು ವೆಚ್ಚವೇ ಎಂದು ಜನರು ಅದನ್ನು ಅವನ ಹುಚ್ಚೆಂದು ಕರೆದರು. ಎರಡೇ ವರ್ಷಗಳಲ್ಲಿ, 1852ರ ಏಪ್ರಿಲ್‌ನ ಒಂದು ರಾತ್ರಿ ಮೆರಿಮ್ಯಾಕ್ ಉಕ್ಕಿಬರಲು, ಕದವನ್ನು ಹಿಡಿದಿದ್ದ ಕಬ್ಬಿಣವನ್ನು ಉಳಿಯಿಂದ ಕಡಿದು ಕೆಳಗಿಳಿಸಿದರು, ನಗರ ಉಳಿಯಿತು. 1936ರ ಮಹಾಪ್ರವಾಹದಲ್ಲಿಯೂ ಅದೇ ಕದ ನಗರವನ್ನು ಕಾಯಿತು. ಗಿರಣಿಯೆಂದರೆ ಏನೆಂಬುದನ್ನು ಫ್ರಾನ್ಸಿಸ್ ಬಲ್ಲವನಾಗಿದ್ದ: ನದಿಯೊಡನೆ ಮಾಡಿಕೊಂಡ ಒಪ್ಪಂದ, ಅದರ ಲಾಭದೊಡನೆ ಅಪಾಯದ ಹೊಣೆಯೂ ಸೇರಿದ ಒಪ್ಪಂದ.

ಈ ಒಪ್ಪಂದವನ್ನು ನಮ್ಮ ಸಂರಕ್ಷಣೆಯ ಕಾನೂನುಗಳು ಕಾಣವು. ಅಮೆರಿಕದ ಸರಕಾರ 1981ರಲ್ಲಿ ಚಾರಿತ್ರಿಕ ಕಟ್ಟಡಗಳ ಪುನರುದ್ಧಾರಕ್ಕೆ ಶೇಕಡ 25ರ ತೆರಿಗೆ ವಿನಾಯಿತಿಯನ್ನಿತ್ತು, 1986ರಲ್ಲಿ ಅದನ್ನು ಶೇಕಡ 20ಕ್ಕೆ ಇಳಿಸಿತು. ಆದಾಯ ತರುವ ಕಟ್ಟಡಕ್ಕೆ ಮಾತ್ರ ಅದು ದೊರೆಯುವುದಾದುದರಿಂದ, ಐದು ವರ್ಷ ಬಾಡಿಗೆಗಿತ್ತು ಅನಂತರ ಮನೆಮನೆಯಾಗಿ ಮಾರುವ ಮಾರ್ಗವೊಂದು ತೆರೆಯಿತು. ಕಿಟಕಿಯ ಚೌಕಟ್ಟು, ಇಟ್ಟಿಗೆಯ ಸಂದು, ಅಂಕಣದ ವಿಸ್ತಾರ ಇವುಗಳನ್ನು ಪರೀಕ್ಷಕರು ನಿಷ್ಠೆಯಿಂದ ನೋಡುತ್ತಾರೆ. ನೀರು ಹರಿಯಬೇಕೆಂದು ಯಾರೂ ಕೇಳುವುದಿಲ್ಲ. ಲೊವೆಲ್‌ಗೆ ಅನ್ಯಾಯವಾಗಬಾರದು: 1978ರಲ್ಲಿ ರಾಷ್ಟ್ರೀಯ ಉದ್ಯಾನವಾದಂದಿನಿಂದ ಅಲ್ಲಿ ನಾಲೆಗಳಿಗೂ ರಕ್ಷಣೆಯುಂಟು, ಬೂಟ್ ಗಿರಣಿಯ ವಸ್ತುಸಂಗ್ರಹಾಲಯದಲ್ಲಿ ಮಗ್ಗಗಳು ಇಂದಿಗೂ ಗುಡುಗುತ್ತವೆ. ಆದರೆ ಮನೆಯ ಕ್ರಯಪತ್ರದಲ್ಲಿ ಗಿರಣಿಬಲವಿಲ್ಲ. ಆತ್ಮವನ್ನು ಬಿಟ್ಟು ದೇಹಕ್ಕೆ ಪಟ್ಟಾಭಿಷೇಕ ಮಾಡಿದಂತಾಯಿತು.

ಇದು ಅನಿವಾರ್ಯವೆನ್ನುವ ಮಿತ್ರರಿಗೆ ನನ್ನ ಉತ್ತರ ಮಿಸಿಸಿಪಿ ನದಿಯ ದಂಡೆಯಲ್ಲಿದೆ. ಮಿನಿಯಾಪೊಲಿಸ್ ನಗರದಲ್ಲಿ ನಾರ್ತ್ ಸ್ಟಾರ್ ಉಣ್ಣೆಯ ಗಿರಣಿ ಮಾರಾಟದ ಮನೆಗಳಾಯಿತು. ನದಿಯ ಎದುರು ದಡದಲ್ಲಿ, 1881ರಲ್ಲಿ ಕಟ್ಟಿದ, ಒಂದು ಕಾಲಕ್ಕೆ ಜಗತ್ತಿನಲ್ಲಿಯೇ ಅತಿ ದೊಡ್ಡದೆನಿಸಿದ ಪಿಲ್ಸ್‌ಬರಿ ಹಿಟ್ಟಿನ ಗಿರಣಿ ಮಿತವಾದ ಬಾಡಿಗೆಯ ಕಲಾವಿದರ ಮನೆಗಳಾಯಿತು, ಮತ್ತು ಅಲ್ಲಿ ಹಳೆಯ ಜಲಸುರಂಗದಲ್ಲಿಯೇ ಹೊಸ ಟರ್ಬೈನನ್ನಿರಿಸಿ ಆ ಮನೆಗಳಿಗೆ ವಿದ್ಯುತ್ತನ್ನು ಪಡೆದರು. ನೀರನ್ನು ಉಳಿಸಿಕೊಂಡ ಕಡೆಯಲ್ಲಿಯೇ ಸಾಮಾನ್ಯರೂ ಉಳಿದುದು ಕೇವಲ ಆಕಸ್ಮಿಕವೇ, ಅಥವಾ ಗಿರಣಿಯನ್ನು ಕ್ರಿಯೆಯೆಂದು ಕಂಡವರಿಗೆ ಮನುಷ್ಯರೂ ಕಾಣುತ್ತಾರೆಯೇ? ಈ ಪ್ರಶ್ನೆಯನ್ನು ನಾನು ಬಹುಕಾಲದಿಂದ ಹೊತ್ತು ತಿರುಗುತ್ತಿದ್ದೇನೆ. ಎರಡು ಗಿರಣಿಗಳಿಂದ ಸಿದ್ಧಾಂತ ಕಟ್ಟಲಾಗದೆಂಬ ಆಕ್ಷೇಪ ನ್ಯಾಯವಾದುದೇ, ಆದರೂ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ನಮ್ಮ ಘಟಪ್ರಭೆಯ ದಂಡೆಯಲ್ಲಿಯೂ, ಗೋಕಾಕ ಜಲಪಾತದ ಬಲವನ್ನೇ ನಂಬಿ ಹತ್ತೊಂಬತ್ತನೆಯ ಶತಮಾನದಲ್ಲಿ ಎದ್ದ ಗಿರಣಿಯಿದೆ. ಆದುದರಿಂದ ಸಭೆಯಲ್ಲಿರುವ ನ್ಯಾಯಶಾಸ್ತ್ರಜ್ಞರಲ್ಲಿ ನನ್ನ ವಿನಂತಿ ಇದು: ನದೀತೀರದ ಗಿರಣಿಯೊಂದು ಮನೆಗಳಾಗಿ ಹಂಚಿಹೋಗುವಾಗ ಅದರ ನೀರಿನ ಪಾಲು ಮನೆಯನ್ನು ಕೊಂಡವನಿಗೋ, ಅಲ್ಲಿ ದುಡಿದವರ ಊರಿಗೋ, ಅಥವಾ ನದಿಗೇ ಹಿಂದಿರುಗತಕ್ಕದ್ದೋ ಎಂಬುದನ್ನು, ಬಣ್ಣ ಹಂಚುಗಳ ಚರ್ಚೆಗೆ ಮುನ್ನ, ಈ ದಿನದ ಮೊದಲ ಗೋಷ್ಠಿಯಲ್ಲಿಯೇ ಎತ್ತಿಕೊಳ್ಳಬೇಕು.