ಈಲಿ ಕೆಟ್ಟ ಹಸುವಿಗೆ ಔಷಧಿ ಕೊಡುವ ಮುನ್ನ



ನಂಜನಗೂಡು, ತಿ. ನರಸೀಪುರ ಸೀಮೆಗೆ ಕಬಿನಿ, ಕಾವೇರಿ ನೀರು ಭತ್ತ ಕೊಟ್ಟಿತು, ಹಸಿರು ಮೇವು ಕೊಟ್ಟಿತು. ಅದೇ ನೀರಿನಲ್ಲಿರುವ ಬಸವನಹುಳುವಿನಿಂದ ದನಗಳಿಗೆ ಈಲಿಯ ಚಪ್ಪಟೆ ಹುಳುವೂ ತಗಲುತ್ತದೆ. ಬದುವಿನ ಹುಲ್ಲಿನ ಜೊತೆ ಹೊಟ್ಟೆ ಸೇರಿದ ಮರಿಹುಳು ಈಲಿಯನ್ನು, ಅಂದರೆ ಪಿತ್ತಜನಕಾಂಗವನ್ನು, ವಾರಗಟ್ಟಲೆ ಕೊರೆದು ಕೊನೆಗೆ ಪಿತ್ತನಾಳದಲ್ಲಿ ನೆಲೆಸುತ್ತದೆ.

ನಾವು ಕೊಡುವ ಅನೇಕ ಔಷಧಿಗಳನ್ನು ಒಡೆದು ಹೊರಹಾಕುವುದು ಈಲಿಯ ಕೆಲಸ. ಹುಳು ಬಿದ್ದ ಈಲಿಯಲ್ಲಿ ಈ ಕೆಲಸ ಮಾಡುವ ಕಿಣ್ವಗಳು ಕುಗ್ಗುತ್ತವೆ ಎಂದು ಕುರಿ, ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಆಗ ಕೆಲವು ಔಷಧಿಗಳು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ‘ಒಂದು ಬಾಟಲಿಗೆ ಬಗ್ಗಲಿಲ್ಲ, ಇನ್ನೊಂದು ಕುಡಿಸೋಣ’ ಎಂದರೆ ಬಡಕಲು ಹಸುವಿಗೆ ಔಷಧಿಯೇ ವಿಷವಾದೀತು. ಹಾಲಿನಲ್ಲೂ ಅದರ ಅಂಶ ಉಳಿದೀತು.

ಆದ್ದರಿಂದ ದವಡೆಯ ಕೆಳಗೆ ಬಾವು, ಭೇದಿ, ಹಾಲು ಇಳಿಕೆ ಕಂಡರೆ ಸಗಣಿ ಪರೀಕ್ಷೆ ಮಾಡಿಸಿ. ಹುಳು ಎಳೆಯದಿರುವಾಗ ಸಗಣಿಯಲ್ಲಿ ಮೊಟ್ಟೆ ಕಾಣುವುದಿಲ್ಲ. ಹಸು ಎಲ್ಲಿ ಮೇಯುತ್ತದೆ, ಹಿಂದೆ ಯಾವ ಔಷಧಿ ಕೊಟ್ಟಿದ್ದೀರಿ ಎಂಬುದನ್ನೂ ವೈದ್ಯರಿಗೆ ತಿಳಿಸಿ. ಹಸುವಿನ ತೂಕ ನೋಡಿ ಅವರು ಹೇಳಿದಷ್ಟೇ ಕೊಡಿ. ಅವರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬೇಡಿ.

ನಿಮ್ಮ ಒಂದು ಲೀಟರು ಇಡೀ ಊರಿನ ಕ್ಯಾನಿಗೆ ಸೇರುತ್ತದೆ ಎಂಬುದು ನೆನಪಿರಲಿ.