ಷಂಟ್ ಅಳವಡಿಸಿಕೊಂಡ ಗರ್ಭಿಣಿಯರ ಆರೈಕೆ: ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ನೀಡಿದ ಉಪನ್ಯಾಸ



ಮೆದುಳಿನ ಕುಹರಗಳಲ್ಲಿ ದ್ರವ ಮಿತಿಮೀರಿ ಶೇಖರಗೊಳ್ಳುವ ಸ್ಥಿತಿಯೇ ಹೈಡ್ರೋಸೆಫಲಸ್. ಇದಕ್ಕಾಗಿ ಅಳವಡಿಸುವ ಷಂಟ್ ಎಂಬ ಕೊಳವೆಯು ಹೆಚ್ಚಾದ ದ್ರವವನ್ನು ಸಾಮಾನ್ಯವಾಗಿ ಉದರದೊಳಕ್ಕೆ ಹರಿಸುತ್ತದೆ. ಶೈಶವದಲ್ಲಿ ಷಂಟ್ ಪಡೆದ ಹೆಣ್ಣುಮಕ್ಕಳು ಇಂದು ತಾಯಂದಿರಾಗುತ್ತಿದ್ದಾರೆ. ‘ತಲೆಯಲ್ಲಿ ನೀರಿದ್ದವಳು ಹೆರಬಾರದು’ ಎಂಬ ಮಾತಿಗೆ ವೈದ್ಯಶಾಸ್ತ್ರದ ಆಧಾರವಿಲ್ಲ.

ಆದರೆ ಎಚ್ಚರವು ಅವಶ್ಯ. ಗರ್ಭವು ಬೆಳೆದಂತೆ ಉದರದ ಒತ್ತಡ ಹೆಚ್ಚಿ ದ್ರವದ ಹರಿವು ಕುಂಠಿತವಾಗಬಹುದು. ಆಗ ತೀವ್ರ ತಲೆನೋವು, ವಾಂತಿ, ಮಂಪರು, ದೃಷ್ಟಿ ಮಂಜಾಗುವಿಕೆ ಕಾಣಿಸಿಕೊಳ್ಳುತ್ತವೆ. ಗರ್ಭಿಣಿಯ ರಕ್ತದೊತ್ತಡ ಏರಿದಾಗಲೂ ಇಂಥವೇ ಲಕ್ಷಣಗಳು. ಆದುದರಿಂದ ‘ಬಸುರಿಯ ವಾಂತಿ’ ಎಂದು ಕಡೆಗಣಿಸದೆ, ರಕ್ತದೊತ್ತಡ ಅಳೆಯಿಸಿ, ಅಂದೇ ನರಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ 108 ವಾಹನದಲ್ಲಿ ಕಳುಹಿಸತಕ್ಕದ್ದು. ರಕ್ತದೊತ್ತಡ ಸರಿಯಿದ್ದರೂ ಷಂಟ್ ತಪಾಸಣೆಯನ್ನು ಬಿಡಲಾಗದು.

ಷಂಟ್ ಇದೆಯೆಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಅಗತ್ಯವಿಲ್ಲ. ಅದು ಸರಿಯಾಗಿ ಕಾರ್ಯನಿರ್ವಹಿಸುತ್ತಿದ್ದರೆ ಸಾಮಾನ್ಯವಾಗಿ ಸಹಜ ಹೆರಿಗೆ ಸಾಧ್ಯ. ಮೂರ್ಛೆರೋಗದ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು. ಬೆನ್ನುಹುರಿಯ ಜನ್ಮದೋಷವೂ ಉಳ್ಳವರಿಗೆ ಗರ್ಭಧಾರಣೆಗೆ ಮುನ್ನವೇ ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲ ಬೇಕಾಗುವುದರಿಂದ ವೈದ್ಯರನ್ನು ಕಾಣುವಂತೆ ತಿಳಿಸಿರಿ.

ತಾಯಿ ಕಾರ್ಡಿನಲ್ಲಿ ‘ಷಂಟ್ ಇದೆ’ ಎಂದು ಎದ್ದು ಕಾಣುವಂತೆ ಬರೆಯಿಸಿರಿ. ಹೆರಿಗೆ ಎಲ್ಲಿ ಎಂಬುದು ಏಳನೆಯ ತಿಂಗಳೊಳಗೆ ನಿಶ್ಚಯವಾಗಿರಲಿ.