ಹುಲ್ಲುಗಾವಲಿಗೂ ಒಂದು ಕಾಲ

ಬೇಲೂರು ಹಳೇಬೀಡುಗಳನ್ನು ನೋಡಿ ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. ಅರಸೀಕೆರೆಯಲ್ಲಿ ರೈಲಿಳಿದು, ಬಸ್ಸು ಹಿಡಿದು, ಹಳೇಬೀಡಿನ ಗುಡಿಯ ಬುಡದಲ್ಲಿ ಸಾಲುಗಟ್ಟಿದ ಆನೆ, ಕುದುರೆ, ಮಕರ, ಹಂಸಗಳನ್ನು ಕಣ್ತುಂಬ ಕಂಡಿರುತ್ತೀರಿ. ಕಲ್ಲಿನ ಮೃಗಗಳನ್ನು ನೋಡಲು ಯಾವ ಕಾಲವಾದರೂ ಸರಿಯೇ. ಆದರೆ ಅದೇ ಅರಸೀಕೆರೆಯಿಂದ ಶಿವಮೊಗ್ಗದ ಹಾದಿ ಹಿಡಿದರೆ ಸಿಗುವ ಜೀವಂತ ಮೃಗಗಳನ್ನು ನೋಡಲು ಕಾಲವರಿತು ಹೋಗಬೇಕು.

ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಮಾತಿದು. ಸುಮಾರು 7 ಚದರ ಕಿಲೋಮೀಟರಿನ ಈ ಬಯಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಲಾಯಿತು. ಕೃಷ್ಣಮೃಗ ಇಲ್ಲಿನ ಮುಖ್ಯ ನಿವಾಸಿ.

ಆಫ್ರಿಕದ ಸೆರೆಂಗೆಟಿ ಬಯಲಿನ ಹೆಸರನ್ನು ನೀವು ಕೇಳಿರಬಹುದು. ಅಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ವಿಲ್ಡ್‌ಬೀಸ್ಟ್ ಮೃಗಗಳು ಮಳೆ ಬಿದ್ದೆಡೆಯ ಎಳೆಹುಲ್ಲನ್ನು ಹುಡುಕುತ್ತ ವರ್ಷಕ್ಕೊಂದು ಸುತ್ತು ಬರುತ್ತವೆ. ನಮ್ಮಲ್ಲಿಯೂ ಹಾಗೆ ಸುತ್ತುತ್ತಿದ್ದವು, ಕಾಡುಮೃಗಗಳಲ್ಲ, ದನಗಳು! ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಯಿತಷ್ಟೆ. ಆ ದನಗಳಿಗೆಂದು ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆಬೇರೆ ಕಾವಲುಗಳನ್ನು ಕಾದಿರಿಸಿದ್ದರು. ದನದ ಹುಲ್ಲಿನ ನೆಪದಲ್ಲಿ ಹುಲ್ಲೆಯೂ ಉಳಿಯಿತು.

ಈ ಬಯಲನ್ನು ಏಪ್ರಿಲ್ ತಿಂಗಳಲ್ಲಿ ಕಂಡವರು ಬರಡು ನೆಲವೆಂದೇ ತಿಳಿದಾರು. ಮುಂಗಾರು ಕಳೆದ ಮೇಲೆ ಹೋಗಿ ನೋಡಿ. ಬೆಳಗಿನ ಇಬ್ಬನಿಯಲ್ಲಿ ಮೇಯುವ ಹಿಂಡು, ನಡುವೆ ತಿರುಚು ಕೊಂಬಿನ ಕರಿಯ ಗಂಡು. ಚಳಿ ಹತ್ತಿತೆಂದರೆ ಮಧ್ಯ ಏಷ್ಯಾದಿಂದ ಹ್ಯಾರಿಯರ್ ಎಂಬ ಗಿಡುಗಗಳು ಬರುತ್ತವೆ. ಹಗಲೆಲ್ಲ ಹುಲ್ಲಿನ ಮೇಲೆ ತಗ್ಗಿ ಹಾರಿ ಮಿಡತೆಗಳನ್ನು ಹಿಡಿದು, ಸಂಜೆ ಮರವನ್ನೇರದೆ ಹುಲ್ಲಿನೊಳಗೆ ನೆಲದ ಮೇಲೆಯೇ ತಂಗುತ್ತವೆ.

ಇಂಥ ಬಯಲನ್ನು ಪಾಳುಭೂಮಿಯೆಂದು ಎಣಿಸಿದ್ದರಿಂದಲೇ ಎಷ್ಟೋ ಕಾವಲುಗಳು ಸಾಗುವಳಿಗೆ ಹೋದವು, ಕೆಲವೆಡೆ ನೀಲಗಿರಿ ಮರ ಬಂತು. 1974ರ ರಾಣೆಬೆನ್ನೂರು ಕೃಷ್ಣಮೃಗ ಧಾಮದಲ್ಲಿಯೂ ನೀಲಗಿರಿ ತೋಪೇ ಬಹಳ. ದೂರದಿಂದಲೇ ಶತ್ರುವನ್ನು ಕಂಡು ಓಡಿ ಬದುಕುವುದು ಕೃಷ್ಣಮೃಗದ ರೀತಿ. ಮರ ನೆಡುವುದು ಪುಣ್ಯವೇ ಸರಿ. ಆದರೆ ಹುಲ್ಲುಗಾವಲಿನ ನಡುವೆ ನೆಟ್ಟ ತೋಪು ಅದರ ಕಣ್ಣಿಗೆ ಕಟ್ಟಿದ ಬಟ್ಟೆಯಂತೆ.

ಮುಂದಿನ ಸಲ ಹಳೇಬೀಡಿಗೆ ಹೊರಟಾಗ ಒಂದು ಬೆಳಗನ್ನು ಈ ಬಯಲಿಗಾಗಿ ಉಳಿಸಿಕೊಳ್ಳಿ. ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ, ಕಾರನ್ನು ಹುಲ್ಲಿಗೆ ಇಳಿಸಬೇಡಿ, ಹಿಂಡನ್ನು ಅಟ್ಟಬೇಡಿ. ಸುಮ್ಮನೆ ನಿಂತು ನೋಡಿ. ಕಲ್ಲಿನ ಸಾಲು ಎಂಟು ನೂರು ವರ್ಷ ಉಳಿದಿದೆ. ಈ ಸಾಲು ಉಳಿಯಬೇಕಾದರೆ ಹುಲ್ಲು ಹುಲ್ಲಾಗಿಯೇ ಉಳಿಯಬೇಕು.